ಕೆಂಪು ಉಗುಳು

ದುಂಡವ್ವನ ಬಲಗೈಯಲ್ಲಿ ರೊಟ್ಟಿ ಬಡಿಯುವಷ್ಟು ಶಕ್ತಿ ಇರಲಿಲ್ಲ. ಕೈ ಇತ್ತು, ಐದು ಬೆರಳೂ ಇದ್ದವು, ಜೋಳದ ಹಿಟ್ಟಿನ ಉಂಡೆಯನ್ನು ಹಿಡಿದುಕೊಳ್ಳಲು ಬರುತ್ತಿತ್ತು. ಆದರೆ ಅಂಗೈ ಎತ್ತಿ ಬಿಟ್ಟರೆ ಅದು ಹಲಗೆಯ ಮೇಲೆ ಬೀಳುತ್ತಿತ್ತೇ ಹೊರತು ಬಡಿಯುತ್ತಿರಲಿಲ್ಲ. ಬೆಟಗೇರಿಯಲ್ಲಿ ಇಪ್ಪತ್ತು ವರ್ಷ ಖಾನಾವಳಿ ನಡೆಸಿದ ಹೆಂಗಸಿಗೆ ಇದು ಸಣ್ಣ ಕೊರತೆಯಲ್ಲ.

ಯುಗಾದಿ ಮುಗಿದ ವಾರ ಲಕ್ವಾ ಹೊಡೆದಿತ್ತು. ಮೆದುಳಿಗೆ ಹೋಗುವ ಒಂದು ಸಣ್ಣ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಸಿಕ್ಕಿಕೊಂಡಿತ್ತು. ಮಗಳು ಕಸ್ತೂರಿ ಹೊತ್ತು ಮೀರುವ ಮೊದಲೇ ಆಸ್ಪತ್ರೆ ಮುಟ್ಟಿಸಿದ್ದರಿಂದ ಜೀವ ಉಳಿಯಿತು, ಮಾತೂ ಉಳಿಯಿತು. ಮಾತು ಉಳಿದದ್ದರಿಂದ ಎಲ್ಲರಿಗೂ ಅನುಕೂಲವಾಯಿತು ಎಂದೇನೂ ಅಲ್ಲ. ಆಸ್ಪತ್ರೆಯ ಅನ್ನ ಸಾರನ್ನು ಆಕೆ ವಾರ್ಡಿಗೆ ಕೇಳುವಂತೆ ಬಯ್ದಳು.

ಅಲ್ಲಿಯೇ ಆಕೆಯ ಎಡ ಕೊರಳೆಲುಬಿನ ಕೆಳಗೆ, ಚರ್ಮದಡಿ, ಅಡಿಕೆ ಹೋಳಿನಷ್ಟು ದೊಡ್ಡ ಬಿಲ್ಲೆಯೊಂದನ್ನು ಕೂರಿಸಿದರು. ಸರ್ಕಾರ ಅದಕ್ಕೆ ಇಟ್ಟ ಹೆಸರು ಉದ್ದವಾಗಿತ್ತು. ಜನ 'ಜೋಡಿ' ಎಂದರು, ಏಕೆಂದರೆ ಅದರೊಳಗೆ ಎರಡು ಕೋಣೆ, ಎರಡು ಮದ್ದು.

ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಕಣಗಳಿವೆ. ಡೆಂಗ್ಯೂ ಕಂಡ ಮನೆಗಳಲ್ಲೆಲ್ಲ ಈ ಹೆಸರು ಗೊತ್ತು. ಎಲ್ಲಾದರೂ ನಾಳ ಹರಿದರೆ ಮೊದಲು ತಲುಪಿದ ಪ್ಲೇಟ್‌ಲೆಟ್ ಉಳಿದವನ್ನು ಕೂಗಿ ಕರೆಯುತ್ತದೆ. ಕೂಗು ಕೇಳಿದವು ಬಂದು ಅಂಟಿಕೊಳ್ಳುತ್ತವೆ. ಗಾಯ ಮುಚ್ಚುವುದು ಹೀಗೆ. ಗಾಯವೇ ಇಲ್ಲದ ಕಡೆ, ಒಳಗೋಡೆ ಒರಟಾದ ನಾಳದಲ್ಲಿ, ಅವು ಹೀಗೇ ಗುಂಪುಗೂಡಿದರೆ ಲಕ್ವಾ. ಜೋಡಿಯ ಮೊದಲ ಕೋಣೆಯ ಮದ್ದು ಪ್ಲೇಟ್‌ಲೆಟ್‌ನ ಬಾಯಿ ಕಟ್ಟುತ್ತಿತ್ತು. ಎರಡನೆಯ ಕೋಣೆಯದು ಕಿವಿ ಮುಚ್ಚುತ್ತಿತ್ತು. ಕೂಗಲು ಬಾರದು, ಕೂಗಿದರೂ ಕೇಳದು.

ಎರಡು ಮದ್ದನ್ನು ಕೂಡಿಸಿ ಕೊಡುವುದು ಹೊಸದಲ್ಲ. ಗುಳಿಗೆಗಳ ಕಾಲದಲ್ಲೂ ಲಕ್ವಾ ಹೊಡೆದ ಮೊದಲ ಮೂರು ವಾರ ಎರಡನ್ನೂ ಕೊಟ್ಟು ಆಮೇಲೆ ಒಂದನ್ನು ನಿಲ್ಲಿಸುತ್ತಿದ್ದರು. ಮೂರು ವಾರದ ಮೇಲೆ ಹೆಪ್ಪಿನ ಭಯ ಇಳಿಯುತ್ತದೆ, ರಕ್ತ ಸೋರುವ ಭಯ ಏರುತ್ತದೆ. ಜೋಡಿ ಮಾಡಿದವರು ಈ ನಿಯಮ ಬದಲಿಸಿದರು. ಗುಳಿಗೆ ಕುರುಡು, ಜೋಡಿಗೆ ಕಣ್ಣಿದೆ ಎಂಬುದು ಅವರ ವಾದ. ಅದು ಗಂಟೆಗೊಮ್ಮೆ ರಕ್ತದ ಅಂಟು ಅಳೆದು ಅದಕ್ಕೆ ತಕ್ಕಷ್ಟೇ ಮದ್ದು ಬಿಡುತ್ತಿತ್ತು. ಹಾಗಾಗಿ ರಕ್ತ ಸೋರುವ ಲಕ್ಷಣ ಕಾಣುವವರೆಗೆ ಎರಡನೆಯ ಕೋಣೆ ಮುಚ್ಚುವ ಅಗತ್ಯವಿಲ್ಲ ಎಂದರು.

ಅಂಟು ಎಷ್ಟಿದೆ ಎಂಬುದು ಜೋಡಿಗೆ ತಿಳಿಯುತ್ತಿತ್ತು. ರಕ್ತ ಎಲ್ಲಿ ಸೋರುತ್ತಿದೆ ಎಂಬುದು ತಿಳಿಯುತ್ತಿರಲಿಲ್ಲ. ಅದಕ್ಕೆಂದು ವಾರಕ್ಕೊಂದು ಫೋನ್ ಕರೆ ಇಟ್ಟಿದ್ದರು.

*

ಆ ಕರೆಗಳೆಲ್ಲ ಬಂದು ಸೇರುವ ಜಾಗದಲ್ಲೇ ಕಸ್ತೂರಿಯ ಕೆಲಸ. ತಾಯಿಗೆ ಲಕ್ವಾ ಹೊಡೆಯುವ ಒಂದು ವರ್ಷ ಮೊದಲೇ ಸೇರಿದ್ದಳು. ದಿನಾ ಬೆಳಿಗ್ಗೆ ಗದಗದಲ್ಲಿ ರೈಲು ಹತ್ತಿ ಹುಬ್ಬಳ್ಳಿಯಲ್ಲಿ ಇಳಿದು ಕೇಶ್ವಾಪುರದ ಕಟ್ಟಡವೊಂದರ ಎರಡನೆಯ ಮಹಡಿಗೆ ಹೋಗುತ್ತಿದ್ದಳು. ಕೋಣೆಯ ಗೋಡೆಯ ಮೇಲೆ ಸುತ್ತಲಿನ ಜಿಲ್ಲೆಗಳ ನಕ್ಷೆ. ಜೋಡಿ ಹಾಕಿಸಿಕೊಂಡ ಪ್ರತಿಯೊಬ್ಬರೂ ಅದರಲ್ಲಿ ಒಂದು ಹಸಿರು ಚುಕ್ಕೆ.

ಯಂತ್ರವೇ ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳುತ್ತಿತ್ತು. ತಲೆನೋವಿದೆಯೇ, ಮಲ ಕಪ್ಪಾಗಿದೆಯೇ, ಮೈಮೇಲೆ ನೀಲಿ ಕಲೆ ಬಿದ್ದಿವೆಯೇ, ಉಗುಳು ಕೆಂಪಾಗಿದೆಯೇ. ಒಂದಕ್ಕೆ ಹೌದೆಂದರೂ ಚುಕ್ಕೆ ಕೆಂಪಾಗುತ್ತಿತ್ತು. ಕೆಂಪಾದರೆ ಹತ್ತಿರದ ನರ್ಸು ಸ್ಕೂಟಿ ಹತ್ತಿ ಹೋಗಬೇಕು.

ಯೋಜನೆ ಶುರುವಾದ ಮೊದಲ ತಿಂಗಳು ಗದಗ, ಕೊಪ್ಪಳ, ಬಾಗಲಕೋಟೆಯ ನಕ್ಷೆ ಕೆಂಪು ಕೆಂಪಾಗಿ ಹೊತ್ತಿಕೊಂಡಿತ್ತು. ರೋಣದ ಬಳಿ ತಲೆನೋವೆಂದು ಹೇಳಿದ ಹೆಂಗಸೊಬ್ಬಳು ನರ್ಸಿಗಾಗಿ ಅರ್ಧ ದಿನ ಕಾದಳು. ಆ ನರ್ಸು ಪಕ್ಕದ ಹಳ್ಳಿಯಲ್ಲಿ ಮುದುಕನೊಬ್ಬನ ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡುತ್ತಿದ್ದಳು. ಬಾಯಲ್ಲಿ ಎಲೆ, ಅಡಿಕೆ, ಸುಣ್ಣ, ತಂಬಾಕು. ಮುದುಕ ಆಕೆಗೂ ಒಂದು ಎಲೆ ಮಡಿಚಿ ಕೊಟ್ಟು ಕಳಿಸಿದ. ರೋಣದ ಹೆಂಗಸು ಬದುಕಿಕೊಂಡಳು, ಎಡಗಣ್ಣು ಹೋಯಿತು.

ಕೇಂದ್ರದ ಮುಖ್ಯಸ್ಥ ಡಾಕ್ಟರ್ ಅಚ್ಯುತ ನಾಡಿಗ ಮೈಸೂರು ಕಡೆಯವರು. ನಕ್ಷೆಯ ಮುಂದೆ ನಿಂತು ಕೇಳಿದರು, "ಏನಮ್ಮಾ ಕಸ್ತೂರಿ, ನಿಮ್ಮೂರ ಕಡೆ ಎಲ್ರಿಗೂ ಒಸಡಲ್ಲಿ ರಕ್ತ ಬರತ್ತಾ?"

"ರಕ್ತ ಅಲ್ರಿ ಸರ್. ಎಲಿ ಅಡಕಿ. ನಮ್ಮ ಕಡೆ ಉಂಡ ಮ್ಯಾಲೆ ಎಲಿ ಹಾಕದಿದ್ರ ಊಟಾನ ಮುಗಿಯಂಗಿಲ್ಲ. ಉಗುಳು ಕೆಂಪೈತೇನು ಅಂತ ಕೇಳಿದ್ರ ಹೌದು ಅನ್ನದ ಏನಂತಾರ?"

"ಸರಿ, ಏನ್ ಮಾಡೋಣ?"

"ಎಲಿ ಹಾಕೋರ ಹೆಸರಿಗೆ ಒಂದು ಗುರುತು ಹಾಕೂಣ್ರಿ. ಅವ್ರು ನಾಕನೇ ಪ್ರಶ್ನಿಗೆ ಹೌದು ಅಂದ್ರ ಚುಕ್ಕಿ ಕೆಂಪಾಗಬಾರ್ದು. ಒಂದು ಜರಡಿ ಇದ್ದಂಗ."

"ಅವರಿಗೆ ನಿಜವಾಗ್ಲೂ ರಕ್ತ ಬಂದ್ರೆ?"

"ಅವರಿಗೆ ಗೊತ್ತಾಗ್ತೈತ್ರಿ. ರಕ್ತದ ರುಚೀನ ಬ್ಯಾರೆ."

ಕಸ್ತೂರಿಗೆ ಎಲೆ ಹಾಕುವ ಅಭ್ಯಾಸ ಇರಲಿಲ್ಲ.

ಜರಡಿಯನ್ನು ಆಕೆಯೇ ಬರೆದಳು. ನಾಡಿಗರು ಒಪ್ಪಿಗೆ ಕೊಟ್ಟರು. ಮರುದಿನದಿಂದ ನಕ್ಷೆ ಹಸಿರಾಯಿತು, ತಲೆನೋವಿನವರ ಮನೆಗೆ ನರ್ಸುಗಳು ಹೊತ್ತಿಗೆ ಸರಿಯಾಗಿ ಮುಟ್ಟತೊಡಗಿದರು. ಬೆಂಗಳೂರಿನ ಸಭೆಯಲ್ಲಿ ನಾಡಿಗರು ಈ ಜರಡಿಯ ಬಗ್ಗೆ ಕಾಲು ಗಂಟೆ ಮಾತಾಡಿದರು. ಸ್ಥಳೀಯ ತಿಳಿವಳಿಕೆಯಿಲ್ಲದೆ ಯಾವ ಯಂತ್ರವೂ ನಡೆಯದು ಎಂದರು. ಕಸ್ತೂರಿಗೆ ಬಡ್ತಿ ಸಿಕ್ಕಿತು.

*

ಶ್ರಾವಣದ ಹೊತ್ತಿಗೆ ದುಂಡವ್ವನ ಕೈ ಮರಳಿತು. ಮೊದಲು ಚಪ್ಪಾಳೆಯಂಥ ಸದ್ದು, ಆಮೇಲೆ ಹಳೆಯ ಸದ್ದು. ಹಿಟ್ಟಿನ ಉಂಡೆ ಹಲಗೆಯ ಮೇಲೆ ತಿರುಗುತ್ತ ತಿರುಗುತ್ತ ಅಗಲವಾಗುವುದನ್ನು ಗಿರಾಕಿಗಳು ಊಟ ಬಿಟ್ಟು ನೋಡಿದರು.

"ನೋಡಾಕ ರೊಕ್ಕ ಇಲ್ಲ, ಉಣ್ಣಾಕ ಐತಿ. ಉಣ್ರಿ," ಎಂದಳು ದುಂಡವ್ವ.

ಪಕ್ಕದ ಮನೆಯ ರುದ್ರವ್ವ ಹಂಚಿನ ಮುಂದೆ ಕೂತು ರೊಟ್ಟಿ ಸುಡುತ್ತಿದ್ದಳು. ಆಕೆಗೆ ಹಿಂದಿನ ವರ್ಷ ಸಣ್ಣಗೆ ಬಾಯಿ ಸೊಟ್ಟಗಾಗಿ ನೆಟ್ಟಗಾಗಿತ್ತು, ಆಕೆಯ ಎದೆಯಲ್ಲೂ ಜೋಡಿ ಇತ್ತು. ಇಬ್ಬರಿಗೂ ಸೇರಿ ಒಂದೇ ಚಂಚಿ. ಆ ಬಟ್ಟೆಯ ಚೀಲದಲ್ಲಿ ಎಲೆ ಒಂದು ಕಡೆ, ಅಡಿಕೆ ಒಂದು ಕಡೆ, ನಡುವೆ ಸುಣ್ಣದ ಡಬ್ಬಿ. ಮೂವತ್ತು ವರ್ಷದಿಂದ ಒಬ್ಬಳು ಮಡಿಚಿ ಕೊಟ್ಟದ್ದನ್ನೇ ಇನ್ನೊಬ್ಬಳು ಹಾಕಿಕೊಳ್ಳುತ್ತಿದ್ದಳು.

ಊರು ಜೋಡಿಗೆ ಹೊಂದಿಕೊಂಡಿತ್ತು. ಕ್ಷೌರದಂಗಡಿಯವನು ಕತ್ತಿ ಹಿಡಿಯುವ ಮೊದಲು "ಜೋಡಿ ಐತೇನ್ರಿ?" ಎಂದು ಕೇಳುತ್ತಿದ್ದ. ಇದ್ದರೆ ಗಡ್ಡ ಬರೀ ಟ್ರಿಮ್ಮರಿನಲ್ಲಿ. ಬಳೆಗಾರನೂ ಕೇಳುತ್ತಿದ್ದ. ಕೈ ಹಿಚುಕಿ ಬಳೆ ಏರಿಸಿದರೆ ಜೋಡಿ ಇದ್ದವರ ಮುಂಗೈ ವಾರಗಟ್ಟಲೆ ನೇರಳೆ ಬಣ್ಣ. ಅಂಥವರಿಗೆ ಒಂದು ಅಳತೆ ದೊಡ್ಡ ಬಳೆ ತಂದಿರುತ್ತಿದ್ದ. ಹೆಂಗಸರು ಈಳಿಗೆ ಮಣೆ ಅಟ್ಟಕ್ಕೆ ಹಾಕಿದರು. ಸಣ್ಣ ಗಾಯಕ್ಕೆ ಅರ್ಧ ತಾಸು ಅರಿವೆ ಒತ್ತಿ ಹಿಡಿದು ಕೂರುವುದು ಯಾರಿಗೂ ವಿಶೇಷ ಅನ್ನಿಸುತ್ತಿರಲಿಲ್ಲ. ಲಕ್ವಾ ಹೊಡೆದು ಬೀಳುವುದಕ್ಕಿಂತ ಇದು ಮೇಲು. ಹಾಗೆ ಅನ್ನಿಸುವುದಕ್ಕೆ ಕಾರಣವೂ ಇತ್ತು. ದುಂಡವ್ವನ ನಂತರ ಓಣಿಯಲ್ಲಿ ಯಾರಿಗೂ ಲಕ್ವಾ ಹೊಡೆದಿರಲಿಲ್ಲ.

ಸೋಮವಾರ ಮಧ್ಯಾಹ್ನ ಫೋನ್ ಬರುತ್ತಿತ್ತು. ಅದರಲ್ಲಿ ಕೇಳುತ್ತಿದ್ದದ್ದು ಕಸ್ತೂರಿಯದೇ ಧ್ವನಿ. ತಮ್ಮ ಕಡೆಯ ಮಾತಾದರೆ ಜನ ನಡುವೆ ಫೋನ್ ಇಡುವುದಿಲ್ಲವೆಂದು ಆಕೆಯಿಂದಲೇ ಓದಿಸಿಟ್ಟಿದ್ದರು. ದುಂಡವ್ವ ಫೋನನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಹಚ್ಚುತ್ತಿದ್ದಳು.

"ನಮಸ್ಕಾರ್ರಿ. ತಲಿನೋವು ಐತೇನ್ರಿ?"

"ಈಗಿಲ್ಲವ್ವಾ. ನೀ ಸಂಜಿಕೆ ಮನಿಗೆ ಬಂದ್ರ ಸುರು ಆಕ್ಕೈತಿ."

ರುದ್ರವ್ವ ಹಂಚಿನ ಮುಂದೆ ಕಿಸಕ್ಕೆಂದಳು.

"ಸಂಡಾಸ ಕರ್ರಗ ಆಕ್ಕೈತೇನ್ರಿ?"

"ಹಡದ ತಾಯಿಗೆ ಕೇಳೂ ಪ್ರಶ್ನಿ ನೋಡ್ರಿ. ಇಲ್ಲ."

"ಮೈಮ್ಯಾಲೆ ನೀಲಿ ಕಲಿ ಬಿದ್ದಾವೇನ್ರಿ?"

ದುಂಡವ್ವ ಅಂಗೈ ನೋಡಿಕೊಂಡಳು. ಹೆಬ್ಬೆರಳಿನ ಬುಡದಲ್ಲಿ ನೀಲಿ ಇತ್ತು. ರೊಟ್ಟಿ ಬಡಿಯುವ ಕೈಗೆ ಅದು ಇದ್ದದ್ದೇ. "ಇಲ್ಲ."

"ಉಗುಳು ಕೆಂಪಗ ಬರತೈತೇನ್ರಿ?"

"ಎಲಿ ಹಾಕ್ಕೊಂಡ್ರ ಕೆಂಪ ಬರದ ಹಸರ ಬರತೈತೇನ? ಹೌದು ಅಂತ ಬರ್ಕೊ."

ಆ ಹೌದು ಹುಬ್ಬಳ್ಳಿಯಲ್ಲಿ ಜರಡಿಗೆ ಬಿತ್ತು. ಚುಕ್ಕೆ ಹಸಿರಾಗಿಯೇ ಇತ್ತು.

*

ಗಣೇಶನ ಹಬ್ಬದ ಹಿಂದಿನ ದಿನ ಗೋಡೆಯ ಮೇಲೆ ಸೊನ್ನೆ ಮೂಡಿತು. ಇಡೀ ವಾರದಲ್ಲಿ, ಇಷ್ಟೂ ಜಿಲ್ಲೆಗಳಲ್ಲಿ, ಜೋಡಿ ಇದ್ದ ಒಬ್ಬರಿಗೂ ಹೊಸ ಹೆಪ್ಪುಗಟ್ಟಿರಲಿಲ್ಲ. ನಾಡಿಗರು ಧಾರವಾಡದಿಂದ ಪೇಡೆ ತರಿಸಿದರು. ಪರದೆಯ ಫೋಟೊ ತೆಗೆಸಿ ಬೆಂಗಳೂರಿಗೆ ಕಳಿಸಿದರು.

ಪಕ್ಕದ ಮೇಜಿನ ಇಮ್ತಿಯಾಜ್ ತನ್ನ ಪಾಲಿನ ಪೇಡೆ ಮುಗಿಸಿ ಕಸ್ತೂರಿಯ ಪಾಲಿಗೆ ಕೈ ಹಾಕಿದ. ಸಾವುಗಳಿಗೆ ಕಾರಣ ಹಚ್ಚಿ ವಿಂಗಡಿಸುವುದು ಅವನ ಕೆಲಸ.

"ಅಕ್ಕಾರ, ಹೆಪ್ಪು ಸೊನ್ನಿ ಆತು, ಖರೆ. ಸಾಯೋದು ಸೊನ್ನಿ ಆಗಿಲ್ಲ ನೋಡ್ರಿ."

"ಎಲ್ಲಾ ವಯಸ್ಸಾದವ್ರು, ಇಮ್ತಿಯಾಜ್. ಸಾಯ್ತಾರ."

"ಅದನ್ನ ಅನ್ನಾಕ್ಹತ್ತೀನಿ. ನನ್ನ ಹತ್ರ ಎರಡ ಬುಟ್ಟಿ ಅದಾವು. ಒಂದು ಹೆಪ್ಪು, ಒಂದು ಇತರೆ. ಹೆಪ್ಪಿನ ಬುಟ್ಟಿ ಖಾಲಿ. ಇತರೆ ಬುಟ್ಟಿ ತುಂಬಾಕ್ಹತ್ತೈತಿ."

"ಏನಾಗಿ ಸತ್ತಾರ?"

"ಒಬ್ಬಂವ ಕರುಳಾಗ ರಕ್ತ ಹೋಗಿ. ಇಬ್ಬರದು ತಲಿಯೊಳಗ. ಇನ್ನ ಕೆಲವ್ರನ್ನ ದವಾಖಾನಿಗೇ ಒಯ್ದಿಲ್ಲ, ವಯಸ್ಸಾಗಿತ್ತು ಅಂತ ಮಣ್ಣ ಮಾಡಿಬಿಟ್ಟಾರ. ಹುಬ್ಬಳ್ಳಿ ಶಹರದವ್ರು ಕಡಿಮಿ. ನಿಮ್ಮ ಗದಗ, ಕೊಪ್ಪಳದ ಕಡೆಯವ್ರ ಜಾಸ್ತಿ."

"ಹಬ್ಬ ಮುಗಿದ ಮ್ಯಾಲೆ ನೋಡೂಣು," ಎಂದಳು ಕಸ್ತೂರಿ. ಅವತ್ತು ಅವಳಿಗೆ ರೈಲಿಗೆ ಹೊತ್ತಾಗಿತ್ತು.

*

ರುದ್ರವ್ವ ಹಬ್ಬದ ಮಾರನೆಯ ದಿನ ಸತ್ತಳು. ನಳದ ಕೆಳಗೆ ಕೊಡ ಇಟ್ಟು, ತಲೆ ಸಿಡಿಯುತ್ತಿದೆ ಎಂದು ಗೋಡೆಗೆ ಒರಗಿದವಳು ಕೊಡ ತುಂಬಿ ಚೆಲ್ಲಿದರೂ ಏಳಲಿಲ್ಲ. ಓಣಿಯವರು ಲಕ್ವಾ ಮತ್ತೆ ಹೊಡೆಯಿತು ಎಂದರು. ಆಸ್ಪತ್ರೆಯಲ್ಲಿ ತೆಗೆದ ಚಿತ್ರದಲ್ಲಿ ಮೆದುಳಿನ ಕಾಲು ಭಾಗ ಬೆಳ್ಳಗಿತ್ತು. ಆ ಬಿಳಿಯೆಲ್ಲ ರಕ್ತ. ಕಸ್ತೂರಿ ಅದನ್ನು ನೋಡಿದಳು. ಇಮ್ತಿಯಾಜ್ ಇದನ್ನು ಯಾವ ಬುಟ್ಟಿಗೆ ಹಾಕುತ್ತಾನೆ ಎಂಬುದೂ ಗೊತ್ತಾಯಿತು.

ಮಣ್ಣು ಮಾಡುವಾಗ ದುಂಡವ್ವ ಚಂಚಿಯನ್ನು ರುದ್ರವ್ವನ ಜೊತೆ ಕುಣಿಯಲ್ಲೇ ಇಟ್ಟಳು.

"ಅಲ್ಲಿ ಮಡಿಚಿ ಇಟ್ಟಿರು, ಬರತೀನಿ," ಎಂದಳು. ಅತ್ತದ್ದು ಕಾಣಲಿಲ್ಲ. ದಿವಸದ ಕಾರ್ಯ ಮುಗಿಯುವವರೆಗೆ ಎಲೆ ಮುಟ್ಟುವುದಿಲ್ಲ ಎಂದು ಹೇಳಿ ಮನೆಗೆ ಬಂದು ಒಲೆ ಹಚ್ಚಿದಳು. ಜೊತೆಗೆ ಎಲೆ ಹಾಕಿದವರು ಸತ್ತರೆ ದಿವಸದವರೆಗೆ ಬಾಯಿ ಬಿಳಿ ಇರಬೇಕು. ಬೆಟಗೇರಿಯ ಆ ವಯಸ್ಸಿನ ಹೆಂಗಸರು ಹಾಗೆ ನಡೆದುಕೊಳ್ಳುತ್ತಿದ್ದರು.

ಮೂರನೆಯ ದಿನ ಬೆಳಿಗ್ಗೆ ಕಸ್ತೂರಿ ಮುಖ ತೊಳೆಯಲು ಬಚ್ಚಲಿಗೆ ಹೋದಳು. ತಾಯಿ ಆಗಷ್ಟೇ ಬಾಯಿ ಮುಕ್ಕಳಿಸಿ ಎದ್ದಿದ್ದಳು. ಬಚ್ಚಲ ಕಲ್ಲಿನ ಮೇಲೆ ಕೆಂಪು ನೀರು ತೂತಿನತ್ತ ಹರಿಯುತ್ತಿತ್ತು.

"ಯವ್ವಾ, ಕದ್ದು ಎಲಿ ಹಾಕ್ಕೊಂಡಿಯೇನ ಬೇ?"

"ಹುಚ್ಚಿ, ನಾ ಯಾಕ ಕದಿಯಲಿ. ರುದ್ರಿ ಆಣಿ, ಮುಟ್ಟಿಲ್ಲ."

"ಮತ್ತ ಇದು?"

ಇಬ್ಬರೂ ಕಲ್ಲನ್ನು ನೋಡಿದರು.

"ಹಳೇ ಬಣ್ಣ ಇರಬೇಕು. ನಲವತ್ತು ವರ್ಷ ಬಳದದ್ದು ಎರಡ ದಿನಕ್ಕ ಹೊಕ್ಕೈತೇನ?"

ಕಸ್ತೂರಿ ತಂಬಿಗೆಯಲ್ಲಿ ನೀರು ಕೊಟ್ಟಳು. ದುಂಡವ್ವ ಮುಕ್ಕಳಿಸಿ ಉಗುಳಿದಳು. ಕೆಂಪು. ಇನ್ನೊಂದು ತಂಬಿಗೆ. ತಿಳಿಗೆಂಪು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಉಗುಳಿದರೆ ಮೊದಲಿನಷ್ಟೇ ಕೆಂಪು.

"ರುಚಿ ಗೊತ್ತಾಗಲಿಲ್ಲೇನ ಬೇ? ರಕ್ತದ್ದು?"

"ಸುಣ್ಣ ತಿಂದು ಸುಟ್ಟ ನಾಲಿಗಿ ಇದು. ಖಾರ ಬಿಟ್ರ ಏನೂ ತಿಳಿಯಂಗಿಲ್ಲ. ಪಲ್ಲೆದ ಉಪ್ಪು ಸೈತ ರುದ್ರಿನ ನೋಡ್ತಿದ್ಲು."

ಕಸ್ತೂರಿ ಅಲ್ಲೇ ನಿಂತು ನಾಡಿಗರಿಗೆ ಫೋನ್ ಮಾಡಿದಳು. ಕೋಣೆ ಮುಚ್ಚುವ ಅಧಿಕಾರ ಅವರೊಬ್ಬರಿಗೇ ಇತ್ತು. ಅವರು ಮಾತು ಬೆಳೆಸಲಿಲ್ಲ. ದೂರದಿಂದಲೇ ಕೊಟ್ಟ ಆದೇಶಕ್ಕೆ ದುಂಡವ್ವನ ಎರಡನೆಯ ಕೋಣೆ ಆ ಕ್ಷಣವೇ ಮುಚ್ಚಿತು. ಎದೆಯೊಳಗೆ ಏನೂ ಆದಂತೆ ಆಕೆಗೆ ಅನ್ನಿಸಲಿಲ್ಲ.

"ಆತು ತಗೊ," ಎಂದಳು. "ಹೋಗು, ರೈಲು ತಪ್ಪತೈತಿ."

*

"ಜರಡಿ ತೆಗೀಬೇಕ್ರಿ ಸರ್."

ನಾಡಿಗರು ಬಾಗಿಲು ಹಾಕಿಸಿದ್ದರು. ಒಳಗೆ ಅವರು, ಕಸ್ತೂರಿ, ಇಮ್ತಿಯಾಜ್ ಮೂವರೇ.

"ತೆಗೆದ್ರೆ ಸಾವಿರಾರು ಚುಕ್ಕೆ ಒಂದೇ ಸಲ ಕೆಂಪಾಗತ್ತೆ. ಯಾವುದು ಎಲೆ, ಯಾವುದು ರಕ್ತ? ನಮ್ಮತ್ರ ಇರೋ ನರ್ಸುಗಳು ಸಾಲ್ತಾರಾ? ನೀನೇ ಹೇಳಿದ್ದಲ್ಲಮ್ಮಾ ಇದನ್ನ."

"ನಾನ ಹೇಳಿದ್ದು. ತಪ್ಪು ಹೇಳಿದ್ದೆ. ಮೂರು ವಾರ ದಾಟಿದವ್ರೆಲ್ಲಾರದೂ ಎರಡನೇ ಕೋಣಿ ಮುಚ್ಚಿಬಿಡ್ರಿ. ಹಳೇ ನಿಯಮ ಇತ್ತಲ್ರಿ."

"ಮುಚ್ಚಿದ್ರೆ ಅಷ್ಟು ಜನದಲ್ಲಿ ಕೆಲವರಿಗೆ ಹೆಪ್ಪು ಕಟ್ಟೇ ಕಟ್ಟತ್ತೆ. ಆ ಸಾವು ನಮ್ಮ ಲೆಕ್ಕಕ್ಕೆ ಬರತ್ತೆ, ಗೊತ್ತಾ?"

"ಈಗಿನ ಸಾವು ಯಾರ ಲೆಕ್ಕಕ್ಕ ಬರತಾವ್ರಿ?"

"ಇತರೆ," ಎಂದ ಇಮ್ತಿಯಾಜ್, ಕಂಪ್ಯೂಟರಿನಿಂದ ಮುಖ ಎತ್ತದೆ.

ನಾಡಿಗರು ಕೆಟ್ಟ ಮನುಷ್ಯನಲ್ಲ. ಬೆಂಗಳೂರಿಗೆ ಕೇಳಿ ಹೇಳುತ್ತೇನೆ, ಸಂಜೆಯವರೆಗೆ ಸಮಯ ಕೊಡು ಎಂದರು. ಕಸ್ತೂರಿ ಹೊರಗೆ ಬಂದು ತನ್ನ ಮೇಜಿನಲ್ಲಿ ಕೂತು ಜರಡಿ ತೆಗೆದುಹಾಕಿದಳು. ಬರೆದವಳಾದ್ದರಿಂದ ತೆಗೆಯಲು ಯಾರನ್ನೂ ಕೇಳಬೇಕಾಗಿರಲಿಲ್ಲ.

ನಕ್ಷೆ ಗದಗದಿಂದ ಶುರುವಾಗಿ ಕೆಂಪಾಗತೊಡಗಿತು. ಕೊಪ್ಪಳ, ಕುಷ್ಟಗಿ, ಬಾದಾಮಿ, ಹುನಗುಂದ. ತಿಂಗಳುಗಟ್ಟಲೆ ಜರಡಿಯಲ್ಲಿ ನಿಂತಿದ್ದ ಹೌದುಗಳೆಲ್ಲ ಒಂದೇ ಸಲ ಬಂದವು. ಕೋಣೆಯಲ್ಲಿದ್ದವರ ಮುಖದ ಮೇಲೂ ಆ ಬಣ್ಣ ಬಿತ್ತು. ಆ ಕೆಂಪಿನಲ್ಲಿ ಹೆಚ್ಚಿನದು ಎಲೆ ಅಡಿಕೆಯೇ ಎಂದು ಎಲ್ಲರಿಗೂ ಗೊತ್ತಿತ್ತು. ಯಾವುದು ಅಲ್ಲ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಗೊತ್ತುಮಾಡಿಕೊಳ್ಳಲು ಒಂದೇ ದಾರಿ. ಎರಡು ದಿನ ಎಲೆ ಬಿಟ್ಟು ಉಗುಳಿ ನೋಡಬೇಕು. ಇದ್ದಬಿದ್ದವರೆಲ್ಲ ಫೋನ್ ಹಿಡಿದು ಕೂತರು.

"ಎರಡು ದಿನ ಉಪಾಸ ಇರತೀನವ್ವಾ," ಎಂದನು ಕುಷ್ಟಗಿಯ ಒಬ್ಬ ಮುದುಕ. "ಎಲಿ ಬಿಡು ಅನಬ್ಯಾಡ."

"ಜೀವದ ಪ್ರಶ್ನೆ ಐತ್ರಿ ಅಜ್ಜಾರ."

"ಎಲಿ ಇಲ್ಲದ ಜೀವ ಇಟ್ಕೊಂಡು ಏನು ಗೂಟಕ್ಕ ಕಟ್ಲಿ?"

ಬಾದಾಮಿ ಕಡೆಯ ಹೆಂಗಸೊಬ್ಬಳು ಕಸ್ತೂರಿಯ ಧ್ವನಿ ಗುರುತು ಹಿಡಿದಳು. "ನೀ ಸೋಮವಾರದ ಹುಡುಗಿ ಅಲ್ಲೇನು? ಕೆಂಪೈತಿ, ಕೆಂಪೈತಿ ಅಂತ ನಾ ವಾರ ವಾರ ಹೇಳೀನಿ. ಅವಾಗ ಸುಮ್ಮನಿದ್ದು ಈಗೇನು ಎಚ್ಚರಾತು?"

ಕಸ್ತೂರಿ ಎಲೆ ಬಿಡುತ್ತೀರಾ ಇಲ್ಲವಾ ಎಂದಷ್ಟೇ ಮತ್ತೆ ಕೇಳಿದಳು.

ಸಂಜೆ ನಾಡಿಗರು ಬೆಂಗಳೂರಿನ ಉತ್ತರಕ್ಕೆ ಕಾಯುವುದು ಬಿಟ್ಟು ಮೂರು ವಾರ ದಾಟಿದವರೆಲ್ಲರ ಎರಡನೆಯ ಕೋಣೆ ಮುಚ್ಚಿದರು. ಬೆರಳೊತ್ತುವ ಮುನ್ನ ಗೋಡೆಯ ಮೇಲಿನ ಸೊನ್ನೆಯನ್ನು ಒಮ್ಮೆ ನೋಡಿದರು. ಎರಡು ವಾರದಲ್ಲಿ ಅದು ಹೋಯಿತು.

*

ಕೋಣೆ ಮುಚ್ಚಿದ ಮಾತ್ರಕ್ಕೆ ಆದದ್ದು ಹಿಂದಕ್ಕೆ ಹೋಗುವುದಿಲ್ಲ. ಒಮ್ಮೆ ಕಿವಿ ಮುಚ್ಚಿದ ಪ್ಲೇಟ್‌ಲೆಟ್ ಸಾಯುವವರೆಗೂ ಕಿವುಡು. ಅದು ಸಾಯಲು ವಾರ, ಹತ್ತು ದಿನ ಬೇಕು. ಮೂಳೆಯೊಳಗೆ ಹೊಸವು ಹುಟ್ಟಿ ಬರುವವರೆಗೆ ರಕ್ತ ಹಾಗೇ ಇರುತ್ತದೆ. ಬೇರೆಯವರ ಪ್ಲೇಟ್‌ಲೆಟ್ ಏರಿಸಬಹುದಲ್ಲ ಎಂದು ಕಸ್ತೂರಿ ಗದಗದ ಡಾಕ್ಟರನ್ನು ಕೇಳಿದಳು. ಬರೀ ಒಸಡಿನ ರಕ್ತಕ್ಕೆ ಏರಿಸುವುದಿಲ್ಲ, ಏರಿಸಿದರೂ ಒಳಗೆ ಉಳಿದಿರುವ ಮದ್ದು ಅವುಗಳ ಕಿವಿಯನ್ನೂ ಮುಚ್ಚುತ್ತದೆ ಎಂದರು. ಮೆತ್ತಗಿನದು ಉಣ್ಣಿಸಿ, ಎಲ್ಲೂ ಬಡಿಸಿಕೊಳ್ಳದಂತೆ ನೋಡಿಕೊಳ್ಳಿ, ಕಾಯಿರಿ ಎಂದರು.

ಕಸ್ತೂರಿ ರಜೆ ಹಾಕಿ ಮನೆಯಲ್ಲಿ ಕೂತಳು. ಖಾನಾವಳಿಯ ಬಾಗಿಲು ಹಾಕಿಸಿದಳು. ಬಚ್ಚಲಲ್ಲಿ ಗೋಣಿಚೀಲ ಹಾಸಿದಳು. ಹೊಸ್ತಿಲಿಗೆ ಹಳೆಯ ಕೌದಿ ಕಟ್ಟಿದಳು. ದುಂಡವ್ವ ಇದನ್ನೆಲ್ಲ ಕೂತು ನೋಡಿದಳು.

"ಕೂಸಿಗೆ ಮಾಡಿದಂಗ ಮಾಡಾಕ್ಹತ್ತೀಯಲ್ಲ. ತೊಟ್ಟಿಲಾ ಒಂದು ಕಟ್ಟಿಬಿಡು."

"ಒಂದು ವಾರ ಸುಮ್ಮನ ಕುಂದ್ರು ಬೇ."

"ಕೈ ಇಲ್ಲದಾಗ ಕುಂತೆ. ಈಗ ಕೈ ಬಂದೈತಿ, ಈಗೂ ಕುಂದ್ರು ಅಂತಿ."

ದಿನಾ ಬೆಳಿಗ್ಗೆ ಬಿಳಿ ಬಟ್ಟಲಿನಲ್ಲಿ ಉಗುಳಿಸಿ ನೋಡುತ್ತಿದ್ದಳು ಕಸ್ತೂರಿ. ಬಣ್ಣ ದಿನದಿನಕ್ಕೆ ತಿಳಿಯಾಗುತ್ತಿತ್ತು. ಐದನೆಯ ದಿನ ಗುಲಾಬಿ ಎಳೆಯೊಂದು ಬಿಟ್ಟರೆ ಬರೀ ನೀರು. ತಾಯಿ ಮಗಳು ಇಬ್ಬರಿಗೂ ನಗು ಬಂತು. ಬಟ್ಟಲು ನೋಡಿ ನಗುವವರನ್ನು ಯಾರಾದರೂ ಕಂಡರೆ ಹುಚ್ಚಾಸ್ಪತ್ರೆಗೆ ಒಯ್ಯುತ್ತಾರೆ ಎಂದಳು ದುಂಡವ್ವ.

ರುದ್ರವ್ವನ ದಿವಸ ಹತ್ತಿರ ಬಂತು. ರುದ್ರವ್ವನ ಸೊಸೆ ಬಂದು ಅಡುಗೆಯವರಿಗೆ ಹೇಳಿದ್ದೇನೆ, ನೀವು ಬಂದು ಕೂತರೆ ಸಾಕು ಎಂದಳು. ದುಂಡವ್ವ ಒಪ್ಪಲಿಲ್ಲ. ಎಡೆಗೆ ಇಡುವ ರೊಟ್ಟಿ ತನ್ನ ಕೈಯದೇ ಆಗಬೇಕು. ಐದು ರೊಟ್ಟಿ, ಹೆಚ್ಚಿಲ್ಲ.

"ಬ್ಯಾಡ ಬೇ. ಇನ್ನ ನಾಕು ದಿನ ತಡಿ," ಎಂದಳು ಕಸ್ತೂರಿ.

"ನಾಕು ದಿನ ತಡದ್ರ ದಿವಸ ತಡಿತೈತೇನ? ಆಕಿ ಇಪ್ಪತ್ತು ವರ್ಷ ನಾ ಬಡದದ್ದನ್ನ ಸುಟ್ಟಾಳ. ಐದು ರೊಟ್ಟಿ ಬಡದ್ರ ಸಾಯಂಗಿಲ್ಲ."

ಅದು ನಿಜ ಇರಬಹುದು. ರೊಟ್ಟಿ ಬಡಿದದ್ದಕ್ಕೇ ಹಾಗಾಯಿತೆಂದು ಯಾವ ಡಾಕ್ಟರೂ ಆಮೇಲೆ ಹೇಳಲಿಲ್ಲ. ತಲೆಯೊಳಗಿನ ಹಳೆಯ ನಾಳವೊಂದು ಯಾವಾಗಲೋ ಕೂದಲೆಳೆಯಷ್ಟು ಸೀಳಿರಬೇಕು. ಬೇರೆಯವರಿಗಾದರೆ ಪ್ಲೇಟ್‌ಲೆಟ್‌ಗಳು ಅದನ್ನು ಮುಚ್ಚಿಬಿಡುತ್ತವೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಈಕೆಯ ರಕ್ತದಲ್ಲಿ ಕೇಳಿಸಿಕೊಳ್ಳುವ ಪ್ಲೇಟ್‌ಲೆಟ್‌ಗಳು ಇನ್ನೂ ಅರ್ಧದಷ್ಟೂ ಆಗಿರಲಿಲ್ಲ.

ಕಸ್ತೂರಿ ಹಂಚಿನ ಮುಂದೆ ರುದ್ರವ್ವನ ಜಾಗದಲ್ಲಿ ಕೂತಿದ್ದಳು. ಮೂರು ರೊಟ್ಟಿ ಸುಟ್ಟಾಗಿತ್ತು. ನಾಲ್ಕನೆಯದು ಹಲಗೆಯ ಮೇಲೆ ತಿರುಗುತ್ತಿತ್ತು. ಸದ್ದು ನಿಂತಿತು.

"ಯಾಕ ಬೇ?"

"ತಲಿ ಒಡದಂಗ ಆತು ನೋಡ," ಎಂದಳು ದುಂಡವ್ವ, ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನುವ ಧ್ವನಿಯಲ್ಲಿ. ಬಲಗೈ ಅರ್ಧ ಆದ ರೊಟ್ಟಿಯ ಮೇಲೆ ಬಿತ್ತು. ಬೆರಳಿನ ಗುರುತು ಹಿಟ್ಟಿನಲ್ಲಿ ಮೂಡಿತು. ಆಸ್ಪತ್ರೆ ದೂರವಿರಲಿಲ್ಲ, ಆಂಬುಲೆನ್ಸ್ ತಡ ಮಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು.

ಮುಂದಿನ ಸೋಮವಾರ ಹಿಟ್ಟಿನ ಡಬ್ಬಿಯ ಮೇಲಿದ್ದ ಫೋನ್ ಸದ್ದು ಮಾಡಿತು. ಹೆಸರು ತೆಗೆಸುವುದು ಯಾರಿಗೂ ನೆನಪಾಗಿರಲಿಲ್ಲ. ಕಸ್ತೂರಿ ಎತ್ತಿಕೊಂಡಳು.

"ನಮಸ್ಕಾರ್ರಿ," ಎಂದಿತು ಆಕೆಯ ಧ್ವನಿ. "ತಲಿನೋವು ಐತೇನ್ರಿ?"

ಉತ್ತರ ಬಾರದಿದ್ದರೆ ಯಂತ್ರ ಸ್ವಲ್ಪ ಹೊತ್ತು ಕಾದು ಮುಂದಿನ ಪ್ರಶ್ನೆಗೆ ಹೋಗುತ್ತದೆ. ನಾಲ್ಕೂ ಪ್ರಶ್ನೆ ಮುಗಿಯುವವರೆಗೆ ಕಸ್ತೂರಿ ಕೇಳಿದಳು. ಆಮೇಲೆ ಯಂತ್ರವೇ ಫೋನ್ ಇಟ್ಟಿತು.

ದಸರೆಯ ಹೊತ್ತಿಗೆ ಇಮ್ತಿಯಾಜ್ ಇತರೆ ಬುಟ್ಟಿಯನ್ನು ಪೂರ್ತಿ ಬಿಡಿಸಿ ಹೊಸದಾಗಿ ಲೆಕ್ಕ ಹಾಕಿದ. ಜರಡಿ ಇದ್ದಾಗ ರಕ್ತ ಸೋರಿ ಸತ್ತವರು ಹತ್ತೊಂಬತ್ತು. ಎರಡನೆಯ ಕೋಣೆ ಮುಚ್ಚಿದ ಮೇಲೆ ಹೆಪ್ಪುಗಟ್ಟಿ ಸತ್ತವರು ನಾಲ್ಕು. ಮುಚ್ಚಿದ ಮೇಲೂ ಹೊಸ ಪ್ಲೇಟ್‌ಲೆಟ್ ಬರುವಷ್ಟರಲ್ಲಿ ರಕ್ತ ಸೋರಿ ಸತ್ತವರು ಐದು, ದುಂಡವ್ವನೂ ಸೇರಿ. ಒಟ್ಟು ಇಪ್ಪತ್ತೆಂಟು.